ಓದಿನ ಮನೆ ನೋಡಲು ಬಂದವರು

ಯಾರ ಮನೆಗೆ ಹೋದರೂ ನಾನು ಮೊದಲು ಬಚ್ಚಲುಮನೆ ಎಲ್ಲಿ ಎಂದು ಕೇಳುತ್ತೇನೆ. ತಪ್ಪು ತಿಳಿಯಬೇಡಿ, ಇದು ಆರೋಗ್ಯದ ವಿಷಯವಲ್ಲ. ಕಾಲು ತೊಳೆಯುವ ನೆವದಲ್ಲಿ ಒಳಗೆ ಹೋಗಿ, ನಲ್ಲಿ ತಿರುಗಿಸಿ ನೀರಿನ ರಭಸ ನೋಡಿ, ಸೋಪಿನ ಡಬ್ಬಿಯ ತಳ ನೋಡಿ, ಹಗ್ಗದ ಮೇಲೆ ಎಷ್ಟು ಟವೆಲ್ಲುಗಳಿವೆ ಎಂದು ಕಣ್ಣಲ್ಲೇ ಲೆಕ್ಕ ಹಾಕಿ ಹೊರಗೆ ಬರುತ್ತೇನೆ. ನೋಡಿ ಮಾಡುವುದೇನೂ ಇಲ್ಲ. ಯಾರ ಬಳಿಯೂ ಹೇಳುವುದೂ ಇಲ್ಲ. ಒಮ್ಮೆ ಸಹೋದ್ಯೋಗಿಯೊಬ್ಬರ ಗೃಹಪ್ರವೇಶದಲ್ಲಿ ಕೆಳಗಿನ ಬಚ್ಚಲು ನೋಡಿ, ಆಮೇಲೆ ಮಹಡಿಯ ಬಚ್ಚಲನ್ನೂ ನೋಡಲು ಹೋದಾಗ ಅವರ ಅತ್ತೆ ಮೆಟ್ಟಿಲ ಬಳಿ ಕಾದು ನಿಂತು, "ಮಜ್ಜಿಗೆಗೆ ಇಂಗು ಹಾಕಿ ಕೊಡ್ಲಾ ಮೇಡಂ?" ಎಂದು ಮೆಲ್ಲಗೆ ಕೇಳಿದರು. ಕುಡಿದೆ. ವಿವರಿಸುವುದಕ್ಕಿಂತ ಕುಡಿಯುವುದು ಸುಲಭವಾಗಿತ್ತು.

ಈ ಚಾಳಿ ನನಗೆ ಬಂದದ್ದು ಕಮಲ ದೊಡ್ಡಮ್ಮನಿಂದ. ದೊಡ್ಡಮ್ಮ ಎಂದರೆ ನನ್ನ ಅಪ್ಪನ ಅಣ್ಣನ ಹೆಂಡತಿ. ನಾವು ಬಾಳೂರಿನ ಕಡೆಯವರು. ಎಸ್ಟೇಟಿನವರೆಂದು ಹೇಳಿಕೊಳ್ಳುವಂತಿಲ್ಲ, ಎಸ್ಟೇಟ್ ಎಂದು ಬೋರ್ಡು ನೆಟ್ಟರೆ ಬೋರ್ಡೇ ತೋಟಕ್ಕಿಂತ ದೊಡ್ಡದಾಗಿ ಕಾಣುವಷ್ಟು ಕಾಫಿ ನಮ್ಮದು. ನಮ್ಮ ಕಡೆ ಗಂಡಿನವರು ಬಂದು ಹುಡುಗಿಯನ್ನು ನೋಡಿ ಹೋದ ಮೇಲೆ, ಹುಡುಗಿಯ ಕಡೆಯವರು ಗಂಡಿನ ಮನೆ ನೋಡಲು ಹೋಗುತ್ತಾರೆ. ಮದುವೆಯಾಗುವ ಹುಡುಗಿ ಆ ದಿನ ಹೋಗುವಂತಿಲ್ಲ. ಅವಳು ಬದುಕಬೇಕಾದ ಮನೆಯನ್ನು ಉಳಿದವರೆಲ್ಲ ನೋಡಿ ಬಂದು ಅವಳಿಗೆ ವರದಿ ಒಪ್ಪಿಸುತ್ತಾರೆ. ನಮ್ಮ ಬಂಧುಬಳಗದಲ್ಲಿ ಯಾರ ಮದುವೆಯಾದರೂ ಮನೆ ನೋಡಲು ದೊಡ್ಡಮ್ಮ ಬೇಕೇ ಬೇಕು. ದೊಡ್ಡಪ್ಪ ಮತ್ತು ಹುಡುಗಿಯ ಅಪ್ಪ ಇದ್ದೇ ಇರುತ್ತಿದ್ದರು. ಅಲ್ಲಿಗೆ ಮೂವರಾಯಿತು. ಒಳ್ಳೆಯ ಕೆಲಸಕ್ಕೆ ಮೂರು ಜನ ಹೋಗಬಾರದು. ಹಾಗಾಗಿ ಜೀಪಿನ ಹಿಂದಿನ ಸೀಟಿಗೆ ನನ್ನನ್ನು ಹತ್ತಿಸುತ್ತಿದ್ದರು.

"ಇವಳನ್ನ ಎಂತಕ್ಕೆ ಕರ್ಕೊಂಡು ಹೋಗೋದು?" ಎಂದು ಅಮ್ಮ ಕೇಳಿದರೆ, "ಇರ್ಲಿ ಮಾರಾಯ್ತಿ, ಗಲಾಟೆ ಮಾಡದ ಮಗು. ಸಂಖ್ಯೆಗೆ ಆಗುತ್ತೆ" ಎನ್ನುತ್ತಿದ್ದರು ದೊಡ್ಡಮ್ಮ.

ನನ್ನ ಮೊದಲ ಉದ್ಯೋಗ ಅದು. ಸಂಖ್ಯೆಗೆ ಆಗುವುದು.

ಕಳಸದ ಕಡೆ, ಮೂಡಿಗೆರೆಯ ಕಡೆ, ಆಲ್ದೂರಿನ ಒಳಗೆ, ಎಷ್ಟೋ ಮನೆಗಳ ಜಗುಲಿಯ ಮೇಲೆ ನಾನು ಕಾಲು ಅಲ್ಲಾಡಿಸುತ್ತ ಕೂತಿದ್ದೇನೆ. ಗಂಡಸರು ಅಂಗಳದಲ್ಲಿ ನಿಂತು ಅರೇಬಿಕಾ ಎಷ್ಟು, ರೊಬಸ್ಟಾ ಎಷ್ಟು, ಮೆಣಸಿಗೆ ಸೊರಗು ರೋಗ ಬಂತಾ ಎಂದು ವಿಚಾರಿಸುತ್ತಿದ್ದರು. ದೊಡ್ಡಮ್ಮ ಅದಕ್ಕೆಲ್ಲ ಕಿವಿ ಕೊಡುತ್ತಿರಲಿಲ್ಲ. ಜೀಪಿನಿಂದ ಇಳಿದ ತಕ್ಷಣ, "ದಾರಿ ಧೂಳು, ಕಾಲು ತೊಳ್ಕೊಳ್ಬೇಕಿತ್ತು" ಎಂದು ನನ್ನ ಕೈ ಹಿಡಿದು ನೇರ ಬಚ್ಚಲಿಗೆ. ಹಂಡೆಯ ಮುಚ್ಚಳ ಎತ್ತಿ ನೋಡುವುದು. ಒಲೆಯ ಪಕ್ಕ ಪೇರಿಸಿದ ಸೌದೆ ಒಣಗಿದ್ದೋ ಹಸಿಯೋ ಮುಟ್ಟಿ ನೋಡುವುದು. ಹಸಿ ಸೌದೆಯಿದ್ದರೆ ಊದುವವಳ ಕಣ್ಣು ಹೋಯಿತೆಂದು ಅರ್ಥ. ಬಚ್ಚಲ ಕಿಟಕಿಯಿಂದ ಹಿತ್ತಲು ಕಾಣುತ್ತದೆ. ಅಲ್ಲಿ ಆ ಮನೆಯ ಹಿರಿ ಸೊಸೆ ಹೇಗೆ ನಡೆದುಹೋಗುತ್ತಾಳೆ ಎಂದು ನಿಂತು ನೋಡುವುದು. ಓಡುತ್ತಿದ್ದಾಳೋ, ನಡೆಯುತ್ತಿದ್ದಾಳೋ.

ಒಮ್ಮೆ ಕಳಸದ ಹತ್ತಿರದ ಮನೆಯೊಂದಕ್ಕೆ ಹೋಗಿದ್ದೆವು. ದೊಡ್ಡ ಪ್ಲಾಂಟರು. ಅಂಗಳದಲ್ಲಿ ಎರಡು ಕಾರು, ತೋಟದ ಲೆಕ್ಕ ಬರೆಯುವ ರೈಟರು, ಮೇಸ್ತ್ರಿ, ಎಲ್ಲ ಇದ್ದರು. ದೊಡ್ಡಪ್ಪನಿಗೆ ವಾಪಸು ಬರುವ ದಾರಿಯುದ್ದಕ್ಕೂ ಸಂತೋಷ.  ಬಾಳೂರು ಹತ್ತಿರವಾದಾಗ ದೊಡ್ಡಮ್ಮ ಹೇಳಿದರು:

"ಅಡುಗೆಮನೇಲಿ ಕೂರೋಕೆ ಒಂದು ಮಣೆ ಇಲ್ಲ. ಸ್ಟೂಲೂ ಇಲ್ಲ. ಅಷ್ಟು ದೊಡ್ಡ ಅಡುಗೆಮನೆ. ಆ ಮನೇಲಿ ಹೆಂಗಸ್ರು ನಿಂತೇ ಇರ್ತಾರೆ."

"ಮಣೆ ಇಲ್ಲ ಅಂತ ಸಂಬಂಧ ಬಿಡ್ತಾರೇನೆ?" ಎಂದರು ದೊಡ್ಡಪ್ಪ.

"ಮಣೆ ನಾವು ಕೊಡಬಹುದು. ಕೂತ್ಕೊ ಅಂತ ಹೇಳೋರನ್ನ ಎಲ್ಲಿಂದ ತರೋದು?"

ಆ ಸಂಬಂಧ ಆಗಲಿಲ್ಲ. ಸ್ವಂತ ಬದುಕಿನಲ್ಲಿ ಸೀರೆಯ ಬಣ್ಣವನ್ನೂ ತಾನಾಗಿ ಆರಿಸದ ದೊಡ್ಡಮ್ಮ, ಬಚ್ಚಲಿಂದ ಹೊರಬಂದು ಹೇಳುವ ಒಂದು ಮಾತಿಗೆ ಅಷ್ಟೂ ಗಂಡಸರು ಕಾಯುತ್ತಿದ್ದರು. ನಾನು ಎಂ.ಎ.ಯಲ್ಲಿ ಮಹಿಳಾ ಚರಿತ್ರೆ ಓದುವಾಗ ಈ ಅಧಿಕಾರಕ್ಕೆ ಯಾವ ಪಠ್ಯದಲ್ಲೂ ಹೆಸರು ಸಿಗಲಿಲ್ಲ. ಹುಡುಕಿದ್ದೆ.

ನನಗಾಗಿ ದೊಡ್ಡಮ್ಮ ಮನೆ ನೋಡಲು ಹೋದದ್ದುಂಟೇ ಎಂದು ನೀವು ಕೇಳಬಹುದು. ಆ ವಿಚಾರ ಚಿಕ್ಕದು, ಮುಗಿದದ್ದು, ಇಲ್ಲಿಗೆ ಬೇಡ.

ಈಗ ನಾನು ಚಿಕ್ಕಮಗಳೂರಿನಲ್ಲಿದ್ದೇನೆ. ಒಂದು ಮಹಿಳಾ ಕಾಲೇಜಿನಲ್ಲಿ ಇತಿಹಾಸದ ಅತಿಥಿ ಉಪನ್ಯಾಸಕಿ. ಬೇರೆ ಅತಿಥಿಗಳನ್ನು ಯಾವಾಗ ಹೊರಡುತ್ತೀರಿ ಎಂದು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ನಮಗೆ ಪ್ರತಿ ವರ್ಷ ಲಿಖಿತವಾಗಿಯೇ ತಿಳಿಸುತ್ತಾರೆ, ಆಮೇಲೆ ಪುನಃ ಕರೆಯುತ್ತಾರೆ. ಇಂಥ ನನಗೆ ಕಾಲೇಜಿನ ವೃತ್ತಿ ಮಾರ್ಗದರ್ಶನ ಘಟಕವನ್ನು ವಹಿಸಿದ್ದಾರೆ. ಆಯ್ಕೆಗೆ ಕಾರಣ ನನ್ನ ಅರ್ಹತೆಯಲ್ಲ. ಸಭೆಯಲ್ಲಿ "ಯಾರು ವಹಿಸ್ಕೋತೀರಿ?" ಎಂದು ಪ್ರಿನ್ಸಿಪಾಲರು ಕೇಳಿದಾಗ ಎಲ್ಲರಿಗೂ ಏನೋ ಹೇಳಲಿಕ್ಕಿತ್ತು, ಸುಮ್ಮನಿದ್ದವಳು ನಾನೊಬ್ಬಳೇ.

ಘಟಕ ಎಂದರೆ ಕ್ರೀಡಾ ಸಾಮಗ್ರಿಗಳ ಕೋಣೆಯ ಅರ್ಧ ಭಾಗ. ಒಂದು ಮೇಜು, ಗೋಡೆಯ ಮೇಲೆ ಕೈಚೀಲ ಹಿಡಿದು ನಗುವ ಹುಡುಗಿಯೊಬ್ಬಳ ಪೋಸ್ಟರು, ಮೂಲೆಯಲ್ಲಿ ಶಾಟ್‌ಪುಟ್ ಗುಂಡುಗಳು. ಅಂತಿಮ ವರ್ಷದ ಹುಡುಗಿಯರು ಬಾಗಿಲಲ್ಲಿ ನಿಂತು, "ಮ್ಯಾಮ್, ಬಿ.ಎ. ಆದ್ಮೇಲೆ ಏನಾಗುತ್ತೆ?" ಎಂದು ಕೇಳುತ್ತಾರೆ. ಏನು ಮಾಡಬಹುದು ಎಂದಲ್ಲ, ಏನಾಗುತ್ತೆ ಎಂದು. ನಾಳೆ ಮಳೆ ಬರುತ್ತದಾ ಎಂದು ಕೇಳುವ ಹಾಗೆ. ನಾನು ಬಿ.ಎಡ್., ಎಂ.ಎ., ಸ್ಪರ್ಧಾತ್ಮಕ ಪರೀಕ್ಷೆ, ಬ್ಯಾಂಕು, ಗ್ರಂಥಾಲಯ ವಿಜ್ಞಾನ ಎಂದು ಒಂದೊಂದಾಗಿ ಹೇಳುತ್ತೇನೆ. ಅವರು ಗಂಭೀರವಾಗಿ ಬರೆದುಕೊಳ್ಳುತ್ತಾರೆ. ಹೊರಗೆ ಹೋಗಿ, "ಮ್ಯಾಮ್‌ದೇ ಪರ್ಮನೆಂಟ್ ಆಗಿಲ್ವಂತೆ ಕಣೇ" ಎಂದು ಮಾತಾಡಿಕೊಳ್ಳುವುದು ಗೋಡೆಯಾಚೆ ಕೇಳಿಸುತ್ತದೆ. ಅವರ ಮಾಹಿತಿ ಸರಿಯಾಗಿಯೇ ಇದೆ.

ನನ್ನ ವಾಸ ಕಾಫಿ ಕ್ಯೂರಿಂಗ್ ವರ್ಕ್ಸಿನ ಹಿಂದಿನ ರಸ್ತೆಯಲ್ಲಿ, ಮಹಡಿಯ ಮೇಲೆ ಒಂದು ಕೋಣೆ, ಅಡುಗೆಗೆ ಒಂದು ಕಟ್ಟೆ, ಒಂದು ಬಚ್ಚಲು. ಕೆಳಗೆ ಮನೆಯ ಓನರ್ ಜುಬೇದಾ ಆಂಟಿ ಇದ್ದಾರೆ. ಮುಂಭಾಗದಲ್ಲಿ ಅವರ ಗಂಡನ ಬೈಕ್ ಗ್ಯಾರೇಜು. ಅಲ್ಲಿ ಸ್ಕೂಟರುಗಳು ದಿನವಿಡೀ ಕೆಮ್ಮುತ್ತಿರುತ್ತವೆ, ಸಂಜೆಗೆ ಸುಮ್ಮನಾಗುತ್ತವೆ. ಆ ಸುಮ್ಮನಾಗುವ ಹೊತ್ತನ್ನು ನಾನು ಇಷ್ಟಪಡುವುದಿಲ್ಲ. ಹಾಗಂತ ಯಾರಿಗೂ ಹೇಳಿಲ್ಲ.

ಒಂದು ಸಲ ಮನೆ ಮನೆ ಸಮೀಕ್ಷೆಗೆ ಶಾಲಾ ಶಿಕ್ಷಕಿಯೊಬ್ಬರು ಮೆಟ್ಟಿಲು ಹತ್ತಿ ಬಂದರು. ಮೊಬೈಲಿನಲ್ಲಿ ತುಂಬಿಸಬೇಕಾಗಿತ್ತು. "ಮನೆ ಯಜಮಾನರ ಹೆಸರು?" ಎಂದರು. ನನ್ನ ಹೆಸರು ಹೇಳಿದೆ.

"ಅಲ್ಲ ಮೇಡಂ, ಮನೆ ಯಜಮಾನ್ರು."

"ನಾನೇ."

"ಮತ್ತೆ ಸದಸ್ಯರು?"

"ನಾನೇ."

ಅವರು ಒಂದು ಕ್ಷಣ ಬಾಗಿಲ ಸಂದಿಯಿಂದ ಒಳಗೆ ನೋಡಿ, "ಮುಖ್ಯಸ್ಥರಿಗೂ ನಿಮಗೂ ಏನು ಸಂಬಂಧ ಅಂತ ಕೇಳ್ತಾ ಇದೆ, ಏನು ಹಾಕ್ಲಿ?" ಎಂದರು. ಇಬ್ಬರೂ ಆ ಫೋನನ್ನು ಸ್ವಲ್ಪ ಹೊತ್ತು ನೋಡಿದೆವು. ಕೊನೆಗೆ ಅವರು ಏನನ್ನೋ ಒತ್ತಿದರು, ಅದು ಮುಂದಕ್ಕೆ ಹೋಯಿತು. ಏನು ಒತ್ತಿದರೆಂದು ಕೇಳುವ ಧೈರ್ಯವಾಗಲಿಲ್ಲ. ನನ್ನ ಮತ ಇನ್ನೂ ಬಾಳೂರಿನಲ್ಲೇ ಇದೆ. ಚುನಾವಣೆಗೆ ಬಸ್ಸು ಹತ್ತಿ ಹೋಗಿ ಹಾಕಿ ಬರುತ್ತೇನೆ. ನಾಗರಿಕ ಪ್ರಜ್ಞೆ ಎಂದು ಕ್ಲಾಸಿನಲ್ಲಿ ಹೇಳುತ್ತೇನೆ, ಮತಗಟ್ಟೆಯ ಸಾಲಿನಲ್ಲಿ "ಓ, ಯಾವಾಗ ಬಂದೆ?" ಎಂದು ಕೇಳುವ ನಾಲ್ಕು ಜನರಿರುತ್ತಾರೆ ಎನ್ನುವುದೂ ಒಂದು ಕಾರಣ.

ಈ ನನ್ನ ಕ್ಲಾಸಿನಲ್ಲಿ ಅಶ್ವಿನಿ ಎಂಬ ಹುಡುಗಿ ಇದ್ದಳು. ಆಲ್ದೂರಿನಿಂದ ಒಳಗೆ, ದಿನವೂ ಬಸ್ಸಿನಲ್ಲಿ ಬರುವವಳು. ಒಂದು ದಿನ ನಾನು, "ನಿಮ್ಮ ಮನೆಯ ಹೆಂಗಸರೊಬ್ಬರು ಸ್ವತಃ ತೆಗೆದುಕೊಂಡ ಒಂದು ತೀರ್ಮಾನ ಹೇಳಿ" ಎಂದಿದ್ದೆ. "ನಮ್ಮಜ್ಜಿ ಯಾವ ತೀರ್ಮಾನಾನೂ ಮಾಡಿಲ್ಲ ಮ್ಯಾಮ್, ಪಾಪ" ಎಂದು ಒಬ್ಬಳು ಹೇಳಿ ಎಲ್ಲರೂ ನಕ್ಕರು. ಅಶ್ವಿನಿ ಎದ್ದು ತನ್ನ ತಾಯಿ ಗಿರಿಜಮ್ಮನ ಕಥೆ ಹೇಳಿದಳು. ಮಹಿಳಾ ಮೀಸಲಾತಿಯಲ್ಲಿ ಅವರು ಒಂದು ಅವಧಿಗೆ ಗ್ರಾಮ ಪಂಚಾಯಿತಿ ಸದಸ್ಯೆಯಾಗಿದ್ದರಂತೆ. ಮೊದಮೊದಲು ಸಹಿ ಬೇಕಾದಾಗ ಪಂಚಾಯಿತಿಯವರು ಮನೆಗೇ ಬರುತ್ತಿದ್ದರು. ಒಲೆಯ ಮುಂದೆ ಕೂತಲ್ಲೇ ಹಾಕಿಬಿಡಿ, ಕೈ ತೊಳೆದರೆ ಸಾಕು ಎನ್ನುತ್ತಿದ್ದರು. ಗಿರಿಜಮ್ಮ ಕೈ ತೊಳೆದು, ಚಪ್ಪಲಿ ಮೆಟ್ಟಿ, "ಮೋರಿ ಎಲ್ಲಿ ಕಟ್ಟಿದೀರಿ, ತೋರ್ಸಿ" ಎಂದು ಹೊರಟೇಬಿಟ್ಟರು. ಆಮೇಲೆ ಐದು ವರ್ಷವೂ ಹಾಗೆಯೇ. ಕೆಲಸ ಕಣ್ಣಲ್ಲಿ ನೋಡದೆ ಸಹಿಯಿಲ್ಲ.

ಆ ದಿನ ಕ್ಲಾಸು ಮುಗಿದ ಮೇಲೂ ಅವಳು ಉಳಿದಳು. ಆಮೇಲೆ ದಿನವೂ ಬಸ್ಸಿನ ಹೊತ್ತಿನವರೆಗೆ ಘಟಕದ ಕೋಣೆಗೆ ಬಂದು ಕೂರುತ್ತಿದ್ದಳು. ಕೇಳುವುದು, ವಾದ ಮಾಡುವುದು, ಬುತ್ತಿಯಲ್ಲಿ ಉಳಿದ ಅಕ್ಕಿರೊಟ್ಟಿ ಮುರಿದು ಅರ್ಧ ನನಗೆ ಕೊಡುವುದು. ಶಾಟ್‌ಪುಟ್ ಗುಂಡಿನ ಮೇಲೆ ಕಾಲಿಟ್ಟುಕೊಂಡು, "ಮ್ಯಾಮ್, ಇತಿಹಾಸದಲ್ಲಿ ಹೆಂಗಸ್ರೆಲ್ಲ ಕುದುರೆ ಮೇಲೇ ಯಾಕಿರ್ತಾರೆ? ನಡ್ಕೊಂಡು ಹೋದೋರು ಯಾರೂ ಇಲ್ವಾ?" ಎಂದು ಕೇಳಿದ್ದಳು. ಎಂ.ಎ.ಗೆ ಅರ್ಜಿ ಹಾಕಿಸಿದೆ. ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿತು, ಹಾಸ್ಟೆಲೂ ಸಿಕ್ಕಿತು.

ಅದೇ ವಾರ ಅವಳಿಗೊಂದು ಸಂಬಂಧವೂ ಬಂತು. ಬಾಳೂರಿನ ಹುಡುಗ, ಸ್ವಂತ ತೋಟ, ಒಳ್ಳೆಯ ಮನೆ. ಈ ವರ್ಷವೇ ಮಾಡಿಕೊಡಿ ಎಂದು ಕೇಳುತ್ತಿದ್ದರು. ಅಶ್ವಿನಿ ಅಳಲಿಲ್ಲ. ಬಂದು ಕೂತು, "ಅಮ್ಮ ಹೋಗಿ ಮನೆ ನೋಡ್ಕೊಂಡು ಬಂದಾಯ್ತು ಮ್ಯಾಮ್. ಚೆನ್ನಾಗಿದೆಯಂತೆ. ಅಪ್ಪ ಏನೂ ಹೇಳಲ್ಲ, ಅಮ್ಮ ಹೇಳಿದ್ದೇ ಆಗೋದು. ನೀವು ಒಂದ್ಸಲ ಮಾತಾಡಿ" ಎಂದಳು.

ಫೋನಿನಲ್ಲಿ ಮಾತಾಡುವುದು ನನಗೆ ಕಷ್ಟ. ಹೇಳಬೇಕಾದದ್ದನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡು ಗಿರಿಜಮ್ಮನವರಿಗೆ ಫೋನು ಮಾಡಿದೆ. ಎಂ.ಎ. ನಂತರದ ಅವಕಾಶಗಳು, ನೆಟ್ ಪರೀಕ್ಷೆ, ಸ್ವಾವಲಂಬನೆ, ಎಲ್ಲ ಹೇಳಿದೆ. ಅವರು ಪೂರ್ತಿ ಕೇಳಿದರು.

"ಅಂದ್ರೆ ಓದಿದ್ರೆ ನಿಮ್ಮ ಹಂಗೆ ಆಗ್ತಾಳೆ, ಅಲ್ವಾ ಮೇಡಂ?"

"ಹೌದು. ಇನ್ನೂ ಚೆನ್ನಾಗಿಯೂ ಆಗಬಹುದು."

"ಹಂಗಾದ್ರೆ ನಿಮ್ಮ ಮನೆ ಒಂದ್ಸಲ ನೋಡ್ತೀವಿ. ಗಂಡಿನ ಮನೆ ನೋಡ್ಕೊಂಡು ಬಂದಿದೀವಿ. ಓದಿನ ಮನೆಯನ್ನೂ ನೋಡ್ಬೇಕಲ್ಲ? ನೋಡ್ದೆ ನಾನು ಯಾವುದಕ್ಕೂ ಹೂಂ ಅನ್ನಲ್ಲ. ಭಾನುವಾರ ಇರ್ತೀರಾ?"

ಭಾನುವಾರ ನಾನು ಇರದೆ ಎಲ್ಲಿಗೆ ಹೋಗಲಿ. ಬನ್ನಿ ಎಂದೆ.

ಆ ವಾರ ನಾನು ಗಂಡಿನ ತಾಯಿ ಪಡುವ ಪಾಡೆಲ್ಲ ಪಟ್ಟೆ. ನನ್ನ ಕೋಣೆಯಲ್ಲಿ ಒಂದೇ ಕುರ್ಚಿಯಿತ್ತು. ಇನ್ನೊಂದು ಕೊಂಡು ತಂದೆ. ಲೋಟಗಳನ್ನು ತಂದೆ. ಕರ್ಟನ್ ಒಗೆದೆ, ಪುಸ್ತಕಗಳನ್ನು ಎತ್ತರದ ಪ್ರಕಾರ ಜೋಡಿಸಿದೆ, ಅದು ನಾಟಕದಂತೆ ಕಂಡು ಪುನಃ ಸ್ವಲ್ಪ ಕೆಡಿಸಿದೆ. ಅಮ್ಮನಿಗೆ ಫೋನು ಮಾಡಿ ತಿಂಡಿ ಏನು ಮಾಡಲಿ ಎಂದು ಕೇಳಿದೆ. ವಿಷಯ ಕೇಳಿ ಅಮ್ಮ ತುಂಬ ಹೊತ್ತು ನಕ್ಕು, "ಅಂತೂ ನಿನ್ನ ನೋಡೋಕೆ ಯಾರೋ ಬರ್ತಿದಾರಲ್ಲ" ಎಂದಳು. ಆಮೇಲೆ ಗಂಭೀರವಾಗಿ, "ಉಪ್ಪಿಟ್ಟು ಬೇಡ, ತಣ್ಣಗಾದ್ರೆ ಗಂಟಾಗುತ್ತೆ. ಚಕ್ಕುಲಿ ಇಡು, ಕಾಫಿ ಗಟ್ಟಿ ಮಾಡು" ಎಂದಳು.

ಬಂದದ್ದು ಇಬ್ಬರು. ಗಿರಿಜಮ್ಮ, ಮತ್ತು ಅವರ ಗಂಡನ ಅಕ್ಕ ಶಾರದಮ್ಮ. ಅಶ್ವಿನಿಯೂ ಬಂದಿದ್ದಳು, ಆದರೆ ಅವಳೂ ಸೇರಿದರೆ ಮೂವರಾಗುತ್ತಾರೆಂದು ರಸ್ತೆಯ ತುದಿಯ ಬೇಕರಿಯಲ್ಲಿ ಕೂರಿಸಿ ಬಂದಿದ್ದರು. ನನಗೆ ಜೀಪಿನ ಹಿಂದಿನ ಸೀಟು ನೆನಪಾಗಿ, ಈ ಇಬ್ಬರೂ ಗೊತ್ತಿಲ್ಲದವರಲ್ಲ ಅನ್ನಿಸಿತು. ಒಂದು ಕ್ಷಣ ಧೈರ್ಯ ಬಂತು.

ಶಾರದಮ್ಮ ಚಪ್ಪಲಿ ಬಿಟ್ಟು, "ಬಚ್ಚಲು ಎಲ್ಲಿ? ಕಾಲು ತೊಳ್ಕೊಳ್ಬೇಕಿತ್ತು" ಎಂದರು.

ಬಂದ ಧೈರ್ಯ ಅಲ್ಲೇ ಇಳಿಯಿತು. ಇಡೀ ವಾರ ಸಿದ್ಧತೆ ಮಾಡಿದ್ದ ನಾನು ಬಚ್ಚಲನ್ನು ಮರೆತಿದ್ದೆ. ಬೇರೆಯವರ ಬಚ್ಚಲು ನೋಡುತ್ತಲೇ ಬೆಳೆದ ನಾನು. ಒಳಗೆ ನಲ್ಲಿ ತಿರುಗಿಸಿದ ಸದ್ದಾಯಿತು. ಅದು ಒಮ್ಮೆ ಉಸ್ಸೆಂದು ಸುಮ್ಮನಾಯಿತು. ಆ ದಿನ ನೀರು ಬಿಡುವ ದಿನವಾಗಿರಲಿಲ್ಲ. ಬಕೆಟ್ಟಿನಿಂದ ನೀರು ಸುರಿದುಕೊಂಡ ಸದ್ದು. ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ. ಅವರು ಏನು ನೋಡುತ್ತಿದ್ದಾರೆಂದು ನನಗೆ ಗೊತ್ತಿತ್ತು. ಹೊರಗೆ ಬಂದು ಕಾಲನ್ನು ತಮ್ಮ ಸೀರೆಯ ಅಂಚಿಗೇ ಒರೆಸಿಕೊಳ್ಳುತ್ತ, ಗಿರಿಜಮ್ಮನ ಕಡೆ ನೋಡಿ, "ಟವೆಲ್ ಒಂದೇ ಇದೆ" ಎಂದರು.

ಗಿರಿಜಮ್ಮ ಆಗಲೇ ಅಡುಗೆ ಕಟ್ಟೆಯ ಬಳಿ ನಿಂತಿದ್ದರು. ಕುಕ್ಕರು ಎತ್ತಿ ನೋಡಿದರು. ಅಂಗೈಯಷ್ಟು ಇರುವ ಕುಕ್ಕರು. "ಇದ್ರಲ್ಲಿ ಎಷ್ಟು ಆಗುತ್ತೆ?" "ಒಂದು ಹೊತ್ತಿಗೆ ಮಾಡಿದರೆ ಎರಡು ಹೊತ್ತಿಗೆ ಆಗುತ್ತದೆ" ಎಂದೆ. ಕಿಟಕಿ ತೆಗೆದು ಕೆಳಗೆ ನೋಡಿದರು. ಬಾಗಿಲ ಚಿಲಕ ಹಾಕಿ ತೆಗೆದು ನೋಡಿದರು. ಮೋರಿ ಪರೀಕ್ಷಿಸುವವರ ಕೈ ಎಂದು ಕಾಣುತ್ತಿತ್ತು.

ಕಾಫಿ ಕೊಟ್ಟೆ. ಶಾರದಮ್ಮ ಹೊಸ ಕುರ್ಚಿಯಲ್ಲಿ ಕೂತು ವಿಚಾರಣೆ ಶುರುಮಾಡಿದರು. ಕೆಲಸ ಪರ್ಮನೆಂಟಾ? ಅಲ್ಲ. ಯಾವಾಗ ಆಗುತ್ತೆ? ಹೇಳಕ್ಕಾಗಲ್ಲ. ಬೇಸಿಗೆಯಲ್ಲಿ ಸಂಬಳ ಬರುತ್ತಾ? ಇಲ್ಲ. ಅವರು ಪ್ರತಿ ಉತ್ತರಕ್ಕೂ ಒಂದೊಂದು ತುಣುಕು ಚಕ್ಕುಲಿ ಮುರಿಯುತ್ತಿದ್ದರು, ಬಾಯಿಗೆ ಹಾಕಿಕೊಳ್ಳುತ್ತಿರಲಿಲ್ಲ.

"ನೀವು ಬಾಳೂರಿನವರಂತೆ," ಎಂದರು. "ಆ ಹುಡುಗನ ಮನೆಯವ್ರು ಗೊತ್ತಾ?"

ಗೊತ್ತಿತ್ತು. ನಾನು ಒಂದು ಸುಳ್ಳು ಹೇಳಿದ್ದರೆ, ಸುಳ್ಳೂ ಬೇಡ, ಸ್ವಲ್ಪ ತಡವರಿಸಿದ್ದರೆ ಸಾಕಿತ್ತು. ಮನೆ ನೋಡುವ ಕೆಲಸದಲ್ಲಿ ಅಕ್ಕಪಕ್ಕದವರ ತಡವರಿಕೆಗೆ ಬಹಳ ಬೆಲೆಯಿದೆ.

"ಒಳ್ಳೆಯವರು," ಎಂದೆ. "ಹುಡುಗ ಕುಡಿಯುವುದಿಲ್ಲ. ತಾಯಿ ಜೋರಿಲ್ಲ."

"ನೋಡಿದ್ಯಾ ಗಿರಿಜಾ?" ಎಂದು ಶಾರದಮ್ಮ ಎದ್ದು, ಬಾಟಲಿಗೆ ಕುಡಿಯುವ ನೀರು ಬೇಕು ಎಂದು ಕೆಳಗೆ ಜುಬೇದಾ ಆಂಟಿಯ ಮನೆಗೆ ಹೋದರು. ನನ್ನ ಕಟ್ಟೆಯ ಮೇಲೆಯೇ ತುಂಬಿದ ಕೊಡವಿತ್ತು. ಅವರು ಹೋದದ್ದು ಯಾಕೆಂದು ನನಗೂ ಗಿರಿಜಮ್ಮನಿಗೂ ಗೊತ್ತಿದ್ದರಿಂದ ಇಬ್ಬರೂ ಕೊಡವನ್ನು ನೋಡಲಿಲ್ಲ. ಮೆಟ್ಟಿಲ ಕೆಳಗಿಂದ ಜುಬೇದಾ ಆಂಟಿಯ ದೊಡ್ಡ ದನಿ ಮೇಲಕ್ಕೆ ಬಂತು.

"ಮೇಡಮ್ಮಾ? ಬಂಗಾರದಂಥೋರು. ಒಂದು ಸದ್ದಿಲ್ಲ, ಒಬ್ರು ಬರೋದಿಲ್ಲ, ಹೋಗೋದಿಲ್ಲ. ಇದಾರೋ ಇಲ್ವೋ ಅಂತಾನೇ ಗೊತ್ತಾಗಲ್ಲ ನಮಗೆ."

ಬಾಡಿಗೆದಾರಳಿಗೆ ಇದಕ್ಕಿಂತ ದೊಡ್ಡ ಪ್ರಶಂಸೆ ಇಲ್ಲ. ಆಂಟಿ ಮನಸಾರೆ ಹೇಳಿದ್ದು. ನಾನು ಖಾಲಿ ಲೋಟಗಳನ್ನು ಎತ್ತಿ ಕಟ್ಟೆಯ ಮೇಲಿಟ್ಟು, ಒಂದು ಲೋಟ ತೊಳೆದೆ. ತೊಳೆದದ್ದನ್ನೇ ಪುನಃ ತೊಳೆದೆ.

ಶಾರದಮ್ಮ ತುಂಬಿದ ಬಾಟಲಿ ಹಿಡಿದು ಮೇಲೆ ಬಂದು, ಈ ಸಲ ಸ್ವಲ್ಪ ಮೆದುವಾಗಿ ಕೇಳಿದರು. "ಅಲ್ಲಮ್ಮಾ, ಹುಷಾರಿಲ್ದೆ ಆದ್ರೆ? ಜ್ವರ ಗಿರ ಬಂದ್ರೆ ಎಂತ ಮಾಡ್ತೀರಿ?"

ನನ್ನ ಚೀಟಿಯಲ್ಲಿ ಈ ಪ್ರಶ್ನೆ ಇರಲಿಲ್ಲ. ನೆಟ್ ಪರೀಕ್ಷೆಯ ವಿವರ ಇತ್ತು. ನಾನು ನಡೆದದ್ದನ್ನೇ ಹೇಳಿದೆ.

"ಹೋದ ಮಳೆಗಾಲ ಬಂದಿತ್ತು. ಬಾಗಿಲು ಹಾಕಿಕೊಂಡು ಮಲಗಿದ್ದೆ. ಎರಡು ದಿನ. ಯಾರೂ ಎಬ್ಬಿಸಲಿಲ್ಲ."

"ಯಾರೂ ಎಬ್ಬಿಸ್ಲಿಲ್ವಂತೆ ಗಿರಿಜಾ," ಎಂದರು ಶಾರದಮ್ಮ. ಅವರ ಕಣ್ಣು ನಿಜವಾಗಿಯೂ ತುಂಬಿತ್ತು. ಅವರ ಮಟ್ಟಿಗೆ ವಿಚಾರಣೆ ಮುಗಿದಿತ್ತು.

ಗಿರಿಜಮ್ಮ ಮಾತ್ರ ನನ್ನ ಮಂಚದ ಕಡೆ ನೋಡುತ್ತಿದ್ದರು. ಕಿಟಕಿಯ ಪಕ್ಕದ ಒಂಟಿ ಮಂಚ, ಒಂದು ದಿಂಬು.

"ಎರಡು ದಿನ," ಎಂದರು. "ಯಾರೂ ಎಬ್ಬಿಸ್ಲಿಲ್ವಾ?"

ಅದೇ ಮಾತು. ಆದರೆ ಅವರ ದನಿಯಲ್ಲಿ ಇದ್ದದ್ದು ಕನಿಕರವಲ್ಲ. ದೂರದ ಊರೊಂದರ ಬಗ್ಗೆ ಕೇಳುವವರ ದನಿ ಅದು.

"ಇಲ್ಲ."

"ಅಕ್ಕಾ, ನಮ್ಮ ಮದ್ವೆಯಾದ ಮೇಲೆ ನನಗೆ ಎಷ್ಟು ಸಲ ಜ್ವರ ಬಂದಿಲ್ಲ? ನಾನು ಒಂದಿನ ಮಲಗಿದ್ದು ನಿಮಗೆ ನೆನಪುಂಟಾ?"

ಶಾರದಮ್ಮ ಯೋಚಿಸಿದರು. ಪ್ರಾಮಾಣಿಕ ಹೆಂಗಸು. "ಬಾಣಂತನದಲ್ಲಿ," ಎಂದರು.

"ಅದು ಜ್ವರ ಅಲ್ಲ."

 ಕೆಳಗೆ ಗ್ಯಾರೇಜಿನಲ್ಲಿ ಒಂದು ಸ್ಕೂಟರು ಹತ್ತಾರು ಒದೆತ ತಿಂದು ಸ್ಟಾರ್ಟಾಗಿ, ಒಂದು ಸುತ್ತು ಹೋಗಿ ಬಂತು. ನಾನು ಒಂಟಿತನದ ಲೆಕ್ಕದಲ್ಲಿ ಬರೆದುಕೊಂಡಿದ್ದ ಆ ಎರಡು ದಿನಗಳನ್ನು ಇವರು ಸುಖದ ಲೆಕ್ಕಕ್ಕೆ ಹಾಕುತ್ತಿದ್ದರು. ಇಬ್ಬರಲ್ಲಿ ಯಾರದು ತಪ್ಪು ಲೆಕ್ಕ ಎಂದು ನನಗೆ ಹೇಳಲಾಗಲಿಲ್ಲ. ಈಗಲೂ ಆಗುವುದಿಲ್ಲ. ಆ ಎರಡು ದಿನ ನಾನು ಕೆಳಗಿನ ಪ್ರತಿ ಹೆಜ್ಜೆ ಸಪ್ಪಳಕ್ಕೂ, ಇದು ಮೆಟ್ಟಿಲು ಹತ್ತಬಹುದು ಎಂದು ಕಾದಿದ್ದೆ. ಅದನ್ನು ಅವರಿಗೆ ಹೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆನೋ ಏನೋ.

ಗಿರಿಜಮ್ಮ ಎದ್ದು ಸೆರಗು ಸರಿಮಾಡಿಕೊಂಡರು. "ಕಳಿಸ್ತೀನಿ ಮೇಡಂ," ಎಂದರು. ಅಷ್ಟು ಸರಳವಾಗಿ.

"ಗಿರಿಜಾ, ಮನೆಗೆ ಹೋಗಿ ಯೋಚ್ನೆ ಮಾಡಾಣ ಕಣೇ."

"ನೋಡಿಯಾಯ್ತಲ್ಲ ಅಕ್ಕ. ಆ ಹುಡುಗನದೂ ಒಳ್ಳೇ ಮನೆಯೇ. ಕಾಯೋದಾದ್ರೆ ಎರಡು ವರ್ಷ ಕಾಯ್ಲಿ ಅಂತ ಹೇಳಾಣ. ಅಲ್ಲಿವರೆಗೆ ನಮ್ಮ ಹುಡುಗಿ ಸ್ವಲ್ಪ ಮಲಗಿ ಏಳ್ಲಿ."

ಶಾರದಮ್ಮ ಮೆಟ್ಟಿಲಿಳಿಯತೊಡಗಿದ ಮೇಲೆ ಗಿರಿಜಮ್ಮ ಬಾಗಿಲಲ್ಲಿ ನಿಂತರು. ತೀರ ಮೆಲ್ಲಗೆ, "ನೀವು ಬೇಜಾರು ಮಾಡ್ಕೋಬೇಡಿ. ಒಂದು ಮಾತು ನೀವೇ ಅವಳಿಗೆ ಹೇಳ್ಬೇಕು. ಓದ್ಲಿ, ಕೆಲ್ಸ ಮಾಡ್ಲಿ. ಆದ್ರೆ ಹಿಂಗೆ ಇರೋದು ಬೇಡ ಅಂತ" ಎಂದರು. 'ಹಿಂಗೆ' ಎಂದಾಗ ಅವರ ಕೈ ಕೋಣೆಯ ಮೇಲೆ ಒಮ್ಮೆ ಆಡಿತು. "ನಾನು ಹೇಳಿದ್ರೆ ತಲೆಗೆ ಹೋಗಲ್ಲ. ನೀವು ಹೇಳಿದ್ರೆ ಕೇಳ್ತಾಳೆ."

"ಹೇಳ್ತೀನಿ," ಎಂದೆ.

ಬೇಕರಿಯವರೆಗೆ ಅವರ ಜೊತೆ ನಡೆದೆ. ಅಶ್ವಿನಿ ಗಾಜಿನ ಪೆಟ್ಟಿಗೆಯ ಪಕ್ಕ ಒಂದು ದಿಲ್‌ಪಸಂದನ್ನು ತಿನ್ನದೆ ಮುಂದಿಟ್ಟುಕೊಂಡು ಕೂತಿದ್ದಳು. ನಮ್ಮ ಮೂವರ ಮುಖ ನೋಡಿ ಎದ್ದು ನಿಂತಳು. ಶಾರದಮ್ಮನೇ ಹೇಳಿದರು, "ಹೋಗು ಮಾರಾಯ್ತಿ, ಓದ್ಕೊ. ಹಾಸ್ಟೆಲಿಗೆ ಟವೆಲ್ ಮಾತ್ರ ಎರಡು ತಗೊಂಡು ಹೋಗು." ಅಶ್ವಿನಿ ನನ್ನ ಕಡೆ ನೋಡಿದಳು. ಹೇಳಬೇಕಾದ ಮಾತು ಬಾಯಲ್ಲಿತ್ತು. ಆದರೆ ಅವಳ ಮುಖದಲ್ಲಿ ಅಷ್ಟು ಬೆಳಕಿತ್ತು.  "ದಿಲ್‌ಪಸಂದ್ ತಿನ್ನು" ಎಂದೆ. ಬಸ್ಸು ಬಂತು, ಹೋದರು.

ಅವಳು ಹಾಸ್ಟೆಲಿಗೆ ಹೋಗಿ ಈಗ ಒಂದು ಸೆಮಿಸ್ಟರು ಮುಗಿಯುತ್ತ ಬಂತು. ಘಟಕದ ಕೋಣೆಗೆ ಸಂಜೆ ಯಾರೂ ಬರುವುದಿಲ್ಲ. ನಾನು ಬಾಗಿಲು ಹಾಕಿ ಬೇಗ ಮನೆಗೆ ಬರುತ್ತೇನೆ. ಹೋದ ಭಾನುವಾರ ಸಂಜೆ, ಗ್ಯಾರೇಜು ಸುಮ್ಮನಾದ ಹೊತ್ತಿಗೆ ಅವಳ ಮೆಸೇಜು ಬಂತು.

"ಮ್ಯಾಮ್, ಇಲ್ಲಿ ರೂಮಿಗೆ ನಾಲ್ಕು ಜನ. ಒಬ್ಳು ಹಾಡ್ತಾಳೆ, ಒಬ್ಳು ಫೋನಲ್ಲಿ ಜಗಳ ಆಡ್ತಾಳೆ, ಇನ್ನೊಬ್ಳು ನನ್ನ ಎಣ್ಣೆ ಖಾಲಿ ಮಾಡ್ತಾಳೆ. ಓದೋಕಾಗ್ತಿಲ್ಲ. ಹೊರಗೆ ಒಂದು ಸಿಂಗಲ್ ರೂಮ್ ನೋಡಿದೀನಿ. ನಿಮ್ಮ ರೂಮ್ ಥರಾನೇ ಇದೆ, ಕಿಟಕಿ ಪಕ್ಕ ಮಂಚ. ಅಮ್ಮನಿಗೆ ನೀವು ಹೇಳಿದ್ರೆ ಒಪ್ತಾಳೆ. ಹೋಗ್ಲಾ?"

ಓದಿ ಫೋನನ್ನು ಕೆಳಗಿಟ್ಟೆ. ಪುನಃ ಎತ್ತಿಕೊಂಡೆ. ಗ್ರಂಥಾಲಯದಲ್ಲಿ ಕೂತು ಓದಬಹುದು ಎಂದು ಬರೆದು ಅಳಿಸಿದೆ. ಸಮೂಹ ಜೀವನದಿಂದ ವ್ಯಕ್ತಿತ್ವ ವಿಕಸನವಾಗುತ್ತದೆ ಎಂದು ಬರೆದು, ಅದು ಪೋಸ್ಟರಿನ ಹುಡುಗಿ ಹೇಳುವ ಮಾತಿನಂತೆ ಕಂಡು ಅದನ್ನೂ ಅಳಿಸಿದೆ. ಕೊನೆಗೆ, "ಬೇಡ. ಅಲ್ಲೇ ಇರು" ಎಂದಷ್ಟೇ ಕಳಿಸಿದೆ.

"ಯಾಕೆ ಮ್ಯಾಮ್? ನೀವು ಆರಾಮಾಗಿ ಇದೀರಲ್ಲ?"

ಇದಕ್ಕೆ ಉತ್ತರವನ್ನು ಒಂದೇ ಸಲಕ್ಕೆ ಬರೆದೆ. ಅಳಿಸಲಿಲ್ಲ.

"ಇಲ್ಲ ಅಶ್ವಿನಿ. ಸಂಜೆ ಹೊತ್ತು ನನಗೆ ತುಂಬ ಬೇಜಾರಾಗುತ್ತದೆ."

ಕಳಿಸಿದ ಮೇಲೆ ನೋಡಿದರೆ ಅದು ಸಲಹೆಯ ಹಾಗೆ ಕಾಣಲೇ ಇಲ್ಲ. ಮೆಸೇಜಿನ ಕೆಳಗಿನ ಟಿಕ್ ಗೆರೆಗಳು ನೀಲಿಯಾದವು. ಅವಳು ಏನೋ ಬರೆಯುತ್ತಿದ್ದಾಳೆಂದು ಫೋನು ತೋರಿಸಿತು, ನಿಂತಿತು, ಪುನಃ ತೋರಿಸಿತು. ತುಂಬ ಹೊತ್ತಾದ ಮೇಲೆ ಬಂದದ್ದು ಇಷ್ಟೇ:

"ಸರಿ ಮ್ಯಾಮ್. ಇಲ್ಲೇ ಇರ್ತೀನಿ."

ಗಿರಿಜಮ್ಮನವರಿಗೆ ಕೊಟ್ಟ ಮಾತು ತೀರಿತು.